ಅಣ್ಣಾಸಾಹೇಬರ ಎದೆಯ ಮೇಲಿನ ಚೀಲ

ಷಾರ್ಲೆಟ್ಟಿನಲ್ಲಿ ಡಾಕ್ಟರ್ ಅಣ್ಣಾಸಾಹೇಬರ ಕಾರು ಹತ್ತಿದವರು ಇಳಿಯುವ ಹೊತ್ತಿಗೆ ಎರಡು ವಿಷಯ ತಿಳಿದುಕೊಂಡಿರುತ್ತಿದ್ದರು. ಒಂದು, ಐಹೊಳೆಯ ಯಾವ ಗುಡಿ ಯಾವ ಅರಸನ ಕಾಲದ್ದು ಎಂಬುದು. ಇನ್ನೊಂದು, ಅವರ ಹೆಂಡತಿ ಮಹಾದೇವಕ್ಕ ಪೂಜೆಗೆ ಕೂತರೆ ಏಳುವುದಿಲ್ಲ ಎಂಬುದು. ಮೊದಲನೆಯದನ್ನು ಅವರು ಹೆಮ್ಮೆಯಿಂದ ಹೇಳುತ್ತಿದ್ದರು, ಎರಡನೆಯದನ್ನು ನಗಿಸುವುದಕ್ಕೆ ಹೇಳುತ್ತಿದ್ದರು.

"ನಮ್ಮ ಮನಿ ದೇವರು ಇನ್ನೂ ಇಂಡಿಯನ್ ಟೈಮ್ ಒಳಗ ಅದಾನ್ರಿ. ಐವತ್ತು ವರ್ಷ ಆತು, ಗಡಿಯಾರ ತಿರುವಿಲ್ಲ."

ಹಿಂದಿನ ಸೀಟಿನಲ್ಲಿದ್ದವರು ನಗುತ್ತಿದ್ದರು. ಮಹಾದೇವಕ್ಕನೂ ಸೆರಗು ಸರಿ ಮಾಡಿಕೊಂಡು ಒಂದಿಷ್ಟು ನಗುತ್ತಿದ್ದಳು. ಗಂಡ ಹೇಳಿದ ತಮಾಷೆಗೆ ಹೆಂಡತಿ ನಗದಿದ್ದರೆ ಅದೊಂದು ಸುದ್ದಿಯಾಗುತ್ತದೆ, ಅಷ್ಟು ತಿಳಿವಳಿಕೆ ಆಕೆಗೆ ಇತ್ತು.

ಅಣ್ಣಾಸಾಹೇಬರು ಅಮೀನಗಡದವರು. ತಂದೆಗೆ ಅಲ್ಲಿ ಕಿರಾಣಿ ಅಂಗಡಿ. ಹುಬ್ಬಳ್ಳಿಯಲ್ಲಿ ಡಾಕ್ಟರಿಕೆ ಓದಿ, ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಬಂದು, ಗ್ಯಾಸ್ಟೋನಿಯಾದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವ ಕೆಲಸ ಮಾಡಿ, ನಿವೃತ್ತರಾಗಿ ಈಗ ಷಾರ್ಲೆಟ್ಟಿನ ಬ್ಯಾಲಂಟೈನ್ ಬಡಾವಣೆಯಲ್ಲಿ ಹುಲ್ಲು ಕತ್ತರಿಸುವವರಿಗೂ ಚಾಲುಕ್ಯರ ಇತಿಹಾಸ ಹೇಳಿಕೊಂಡು ಇದ್ದರು. ಮನುಷ್ಯ ಕೆಟ್ಟವರಲ್ಲ. ಯಾರಿಗಾದರೂ ಎದೆನೋವು ಎಂದರೆ ಫೋನಿನಲ್ಲಿ ಮಾತು ಮುಗಿಯುವ ಮೊದಲೇ ಕಾರು ತೆಗೆಯುತ್ತಿದ್ದರು. ಆದರೆ ಕೇಳುವ ಎರಡು ಕಿವಿ ಸಿಕ್ಕರೆ ಬಾಯಿ ತಡೆಯುತ್ತಿರಲಿಲ್ಲ. ಬಸವ ಜಯಂತಿ ಬಂತೆಂದರೆ ಹಣೆಗೆ ಮೂರು ಬೆರಳಿನ ವಿಭೂತಿ, ಹೆಗಲಿಗೆ ರೇಷ್ಮೆ ಶಲ್ಯ. ಗುಡಿಯಲ್ಲಿರುವ ದೇವರು ಬೇರೆ, ಮೈಮೇಲೆ ಇರುವ ದೇವರು ಬೇರೆ ಎಂದು ಇಷ್ಟಲಿಂಗದ ಮೇಲೆ ಅವರು ಭಾಷಣ ಮಾಡಿದರೆ ಅಟ್ಲಾಂಟಾದಿಂದ ಬಂದವರೂ ತಲೆದೂಗುತ್ತಿದ್ದರು.

ಅವರ ಮೈಮೇಲೆ ಮಾತ್ರ ಲಿಂಗ ಇರಲಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಹಾಗೆ.

ಚಿಕ್ಕಂದಿನಲ್ಲಿ ಮಠದ ಅಜ್ಜಾರು ಕೈಯಾರೆ ಕೊಟ್ಟ ಲಿಂಗ ಅದು. ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ಸ್ನಾನಕ್ಕೆ ಹೋದಾಗ ಕೈಜಾರಿ ಒಗೆಯುವ ಕಲ್ಲಿನ ಮೇಲೆ ಬಿದ್ದು, ಅಂಚಿನಲ್ಲಿ ಉಗುರಿನಷ್ಟು ಚೂರು ಹಾರಿತ್ತು. ಬೇರೆ ಮಾಡಿಸಿಕೊಳ್ಳೋ ಎಂದು ತಾಯಿ ಅತ್ತರೂ, ಅಜ್ಜಾರು ಕೊಟ್ಟದ್ದೇ ಇರಲಿ ಎಂದು ಹಟ ಹಿಡಿದಿದ್ದ ಹುಡುಗ ಅವನು. ಅಮೆರಿಕಕ್ಕೆ ಬಂದ ಮೇಲೆ ಆಪರೇಷನ್ ಥಿಯೇಟರಿನಲ್ಲಿ ಕೊರಳಲ್ಲಿ ಏನೂ ಇರಬಾರದು ಎಂದರು. ಬೆಳಿಗ್ಗೆ ತೆಗೆದು ಲಾಕರಿನಲ್ಲಿಟ್ಟು ಸಂಜೆ ಹಾಕಿಕೊಳ್ಳುತ್ತಿದ್ದರು. ಆಮೇಲೆ ಸಂಜೆ ಹಾಕಿಕೊಳ್ಳುವುದು ಮರೆಯಿತು. ಆಮೇಲೆ ಅದು ಲಾಕರಿನಿಂದ ಎಲ್ಲಿಗೆ ಹೋಯಿತು ಎಂಬುದೂ ಮರೆಯಿತು. ಗ್ಯಾಸ್ಟೋನಿಯಾದ ಮನೆ ಬಿಟ್ಟು ಬ್ಯಾಲಂಟೈನಿಗೆ ಸಾಮಾನು ಸಾಗಿಸುವಾಗ ಮಹಾದೇವಕ್ಕ ಒಮ್ಮೆ ಕೇಳಿದ್ದಳು.

"ನಿಮ್ಮ ಲಿಂಗ ಎಲ್ಲಿ ಇಟ್ಟೀರಿ?"

"ಬ್ಯಾಂಕಿನ ಲಾಕರಿನ್ಯಾಗ ಐತಿ. ರಿಟೈರ್ ಆದಮ್ಯಾಲೆ ಹಾಕ್ಕೋತೀನಿ."

ಬ್ಯಾಂಕಿನಲ್ಲಿ ಅದು ಇಲ್ಲ ಎಂದು ಅವರಿಗೆ ಗೊತ್ತಿತ್ತು. ಆಕೆ ಮತ್ತೆ ಕೇಳಲಿಲ್ಲ. ಅವರು ಹುಡುಕಲಿಲ್ಲ. ನಿವೃತ್ತರಾಗಿ ಹತ್ತು ವರ್ಷದ ಮೇಲೂ ಆಗಿತ್ತು.

ಇಷ್ಟಾದರೂ ಒಂದು ಮಾತು ಅವರ ಪರವಾಗಿ ಹೇಳಬಹುದಿತ್ತು. ನಾನು ಲಿಂಗ ಕಟ್ಟಿದ್ದೇನೆ ಎಂದು ಅವರು ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಶಲ್ಯ ನೋಡಿದವರು ತಾವೇ ಅಂದುಕೊಳ್ಳುತ್ತಿದ್ದರು, ಇವರು ಸುಮ್ಮನಿರುತ್ತಿದ್ದರು, ಅಷ್ಟೇ. ಆ ಒಂದು ಮಾತೂ ಹೇಳುವ ಹಾಗಿಲ್ಲದಂತೆ ಆದದ್ದು ಕಾಂಬೋಡಿಯಾದಲ್ಲಿ.

ಹೋಗುವ ಆಲೋಚನೆ ಹರಿಪ್ರಸಾದನದು. ಹರಿಪ್ರಸಾದ ಮೈಸೂರಿನವನು. ಮೊದಲು ಬ್ಯಾಲಂಟೈನಿನಲ್ಲಿ ಡಾಕ್ಟರ ಪಕ್ಕದ ಮನೆಯಲ್ಲಿದ್ದು, ಈಗ ಡೇಟಾ ಸೆಂಟರ್ ಕೆಲಸಕ್ಕೆಂದು ಒಂದು ದಿನದ ದಾರಿಯ ಆಶ್‌ಬರ್ನಿನಲ್ಲಿ ಟೌನ್‌ಹೌಸ್ ಮಾಡಿಕೊಂಡಿದ್ದ. ಹೆಂಡತಿ ಮಧುರಾ, ಆರನೇ ಗ್ರೇಡಿನ ಮಗಳು ತನ್ವಿ. ಎರಡು ಸಾವಿರದ ಇಪ್ಪತ್ತಮೂರರ ಕ್ರಿಸ್‌ಮಸ್ ರಜೆಗೆ ಕಾಂಬೋಡಿಯಾದ ಖ್ಮೇರ್ ಅರಸರ ಹಳೆಯ ಗುಡಿಗಳನ್ನು ತೋರಿಸುವ ಒಂದು ವಾರದ ಪ್ರವಾಸ ಅವನ ಕಣ್ಣಿಗೆ ಬಿತ್ತು.

"ಅಂಕಲ್, ನೀವು ಬಂದ್ರೆ ಮಾತ್ರ ನಾವು ಬುಕ್ ಮಾಡ್ತೀವಿ," ಎಂದು ಫೋನ್ ಮಾಡಿದ. "ಗೈಡ್ ಕೊಡ್ತಾರೆ. ಆದ್ರೆ ನೀವಿದ್ರೆ ನಮಗೆ ಡಬಲ್ ಗೈಡ್."

ಡಾಕ್ಟರಿಗೆ ಇದಕ್ಕಿಂತ ಹೆಚ್ಚಿನ ಉಪಚಾರ ಬೇಕಿರಲಿಲ್ಲ. ಅಂದೇ ಪಾಸ್‌ಪೋರ್ಟು, ಕಾರ್ಡು ಇಟ್ಟು ಕೊರಳಿಗೆ ಹಾಕಿಕೊಂಡು ಅಂಗಿಯೊಳಗೆ ಇಳಿಬಿಡುವ ಒಂದು ಚೀಲ ತರಿಸಿದರು. ಆ ಚೀಲದ ಕಥೆ ಮುಂದೆ ಬರುತ್ತದೆ.

ಆ ಗುಡಿಗಳ ಊರಾದ ಸಿಯಾಮ್ ರೀಪಿನಲ್ಲಿ ಅವರನ್ನು ಕಾದಿದ್ದ ಗೈಡ್ ಹೆಸರು ವುಥಿ. ನಲವತ್ತರ ಆಸುಪಾಸಿನವನು, ಮೆಲುಮಾತಿನವನು, ಇಂಗ್ಲಿಷನ್ನು ಬಿಡಿಬಿಡಿಯಾಗಿ ಸ್ಪಷ್ಟವಾಗಿ ಆಡುತ್ತಿದ್ದ. ಅವನ ಅಭ್ಯಾಸವೆಂದರೆ, ಒಂದು ಗುಡಿಯ ಮುಂದೆ ನಿಲ್ಲಿಸಿ, ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಎನ್ನುವುದು. ಆ ಸುಮ್ಮನಿರುವ ಹೊತ್ತನ್ನು ಡಾಕ್ಟರು ತುಂಬಿಬಿಡುತ್ತಿದ್ದರು. ಬಾಗಿಲವಾಡ ನೋಡಿ ಪಟ್ಟದಕಲ್ಲು ಎಂದರು, ಸಮುದ್ರಮಥನದ ಗೋಡೆ ನೋಡಿ ಬಾದಾಮಿ ಎಂದರು. ವುಥಿ ನಕ್ಕು ತಲೆಯಾಡಿಸಿ, ಅವರು ಮುಗಿಸಿದ ಮೇಲೆ ತನ್ನ ಮಾತು ಆರಂಭಿಸುತ್ತಿದ್ದ.

ದಿನಾ ಬೆಳಿಗ್ಗೆ ಹೋಟೆಲಿನ ಮುಂದೆ ವ್ಯಾನ್ ಬಂದು ನಿಲ್ಲುತ್ತಿತ್ತು. ಬಿಸಿಲೇರುವ ಮೊದಲೇ ಗುಡಿ ಸೇರಬೇಕೆಂದು ವುಥಿ ಅವಸರ ಮಾಡುವವನು. ನಾಲ್ಕು ಜನ ಕೂತಿರುತ್ತಿದ್ದರು, ಮಹಾದೇವಕ್ಕ ಬಂದಿರುತ್ತಿರಲಿಲ್ಲ. ಡಾಕ್ಟರು ಕೆಳಗಿನಿಂದ ರೂಮಿಗೆ ಫೋನ್ ಮಾಡುತ್ತಿದ್ದರು.

"ಎಷ್ಟೊತ್ತ ನಿನ್ನ ಪೂಜಿ? ಗಾಡಿ ನಿಂತೈತಿ."

"ಬಂದೆ ರೀ, ಆತು."

ಒಂದು ದಿನ ಫೋನಿಟ್ಟು, ವುಥಿಗೆ ಇಂಡಿಯನ್ ಟೈಮಿನ ದೇವರ ತಮಾಷೆಯನ್ನು ಇಂಗ್ಲಿಷಿನಲ್ಲಿ ಹೇಳಿದರು. ವುಥಿಗೆ ಅದು ತಮಾಷೆ ಎಂದು ಅರ್ಥವಾಗಲಿಲ್ಲ. ದೇವರಿಗೆ ಹೊತ್ತು ಬೇಕಾದರೆ ಕಾಯೋಣ ಸರ್ ಎಂದ. ಮಹಾದೇವಕ್ಕ ಒದ್ದೆ ಕೂದಲು ಗಂಟು ಹಾಕಿಕೊಂಡು, ಹೆಗಲಿಗೆ ಕಂದು ಬಣ್ಣದ ಕೈಚೀಲ ಹಾಕಿಕೊಂಡು, ಎಲ್ಲರಿಗೂ ಕೈಮುಗಿಯುತ್ತ ಬಂದು ಹತ್ತಿದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಪ್ರೇಹ್ ಖಾನ್ ಎಂಬ ದೊಡ್ಡ ಗುಡಿಗೆ ಹೋದರು. ಮರದ ಬೇರುಗಳು ಗೋಡೆ ಹತ್ತಿ ಕೂತಿರುವ ಗುಡಿ. ಒಳಗೆ ಒಂದರ ಹಿಂದೊಂದು ಚಿಕ್ಕ ಕೋಣೆಗಳು. ಕೋಣೆಗಳಲ್ಲಿ ಕಲ್ಲಿನ ಪಾಣಿಪೀಠಗಳಿದ್ದವು, ನಡುವಿನ ಗುಳಿಯಲ್ಲಿ ಲಿಂಗ ಇರಲಿಲ್ಲ. ಕೆಲವು ಒಡೆದುಹೋದವು, ಕೆಲವನ್ನು ಹೊತ್ತೊಯ್ದರು, ಕೆಲವು ಏನಾದವೋ ಯಾರಿಗೂ ಗೊತ್ತಿಲ್ಲ ಎಂದು ವುಥಿ ಹೇಳಿದ. ಹೇಳುವಾಗ ಆ ಬರಿಗುಳಿಗೂ ಕೈಮುಗಿದ.

ಡಾಕ್ಟರಿಗೆ ತಡೆಯಲಾಗಲಿಲ್ಲ. "ನಮ್ಮ ಜನರ ಕಡೆ ಹೀಗಾಗುವುದಿಲ್ಲ," ಎಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ಗುಡಿ ಬೀಳುತ್ತದೆ, ಪೀಠ ಬರಿದಾಗುತ್ತದೆ ಎಂದು ತಿಳಿದೇ ನಮ್ಮ ಹಿರಿಯರು ಲಿಂಗವನ್ನು ಮೈಮೇಲೆ ಕಟ್ಟಿದರು. ಹುಟ್ಟಿದಾಗ ಕಟ್ಟಿದ್ದು ಸತ್ತಾಗಲೂ ಜೊತೆಗೇ ಬರುತ್ತದೆ. ಯಾವ ಕಳ್ಳನೂ ಒಯ್ಯಲಾರ, ಯಾವ ಅರಸನೂ ಒಡೆಯಲಾರ. ಒಂದು ಕ್ಷಣವೂ ಅದನ್ನು ಬಿಟ್ಟಿರುವ ಹಾಗಿಲ್ಲ. ಬಸವ ಜಯಂತಿಯ ಭಾಷಣವೇ ಅದು, ಆದರೆ ಆ ಕತ್ತಲ ಕೋಣೆಯಲ್ಲಿ ಇನ್ನೂ ಚೆನ್ನಾಗಿ ಕೇಳಿಸಿತು. ಅವರಿಗೇ ಮೈ ಜುಮ್ಮೆಂದಿತು.

ತನ್ವಿ ಕಣ್ಣರಳಿಸಿ ಕೇಳಿದಳು. "ಸೋ, ಎಲ್ಲಾರ್ಗೂ ಒಂದೊಂದು? ಡಾಕ್ಟರ್ ತಾತ, ನಿಮ್ದೂ ಇದ್ಯಾ? ಲೈಕ್, ಈಗ?"

ಇಲ್ಲಮ್ಮ, ಮೊದಲಿತ್ತು ಎಂದಿದ್ದರೆ ಮುಗಿದಿತ್ತು. ಮಕ್ಕಳ ಮುಂದೆ ಆ ಮಾತಿಗೆ ಯಾರೂ ಬೆಲೆ ಕಟ್ಟುತ್ತಿರಲಿಲ್ಲ. ಆದರೆ ಭಾಷಣದ ಬಿಸಿ ಆರಿರಲಿಲ್ಲ, ವುಥಿ ಬಾಯಿ ತೆರೆದು ನೋಡುತ್ತಿದ್ದ.

"ಇರದೆ ಏನು? ಐತಿ," ಎಂದರು. ಕೈ ತಾನಾಗಿ ಎದೆಯ ಮೇಲೆ ಹೋಯಿತು. ಅಂಗಿಯೊಳಗೆ ಉಬ್ಬಿಕೊಂಡಿದ್ದ ಪಾಸ್‌ಪೋರ್ಟ್ ಚೀಲವನ್ನು ಮೆಲ್ಲಗೆ ತಟ್ಟಿದರು.

ಎಲ್ಲರೂ ಆ ಉಬ್ಬನ್ನು ನೋಡಿದರು. ವುಥಿ ಎರಡೂ ಕೈ ಜೋಡಿಸಿ ಹಣೆಯವರೆಗೆ ಎತ್ತಿದ. ಅವರ ಪದ್ಧತಿಯಲ್ಲಿ ಕೈ ಎಷ್ಟು ಮೇಲೆ ಹೋದರೆ ಅಷ್ಟು ಗೌರವ ಎಂದು ಅವನೇ ಮೊದಲ ದಿನ ಹೇಳಿದ್ದ. ಮಧುರಾ, "ಇಷ್ಟು ವರ್ಷ ಪಕ್ಕದ ಮನೇಲಿದ್ರೂ ನಮಗೆ ಗೊತ್ತೇ ಇರಲಿಲ್ಲ ಅಂಕಲ್," ಎಂದಳು. ಮಹಾದೇವಕ್ಕ ಆ ಮಾತು ಕೇಳಿದಳು. ಗಂಡನ ಕಡೆ ತಿರುಗಲಿಲ್ಲ. ಪಾಣಿಪೀಠದ ಅಂಚನ್ನು ಒಮ್ಮೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಮುಂದಿನ ಕೋಣೆಗೆ ಹೋದಳು.

ಆ ಕ್ಷಣದಿಂದ ಡಾಕ್ಟರಿಗೆ ಸುಖ ಇಲ್ಲದಾಯಿತು. ವುಥಿ ಅವರನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದ. ಬಿಸಿಲಿಗೆ ಕೊಡೆ ಹಿಡಿದ. ಮೆಟ್ಟಿಲಿಳಿಯುವಾಗ ಮೈ ಮುಟ್ಟುವ ಮೊದಲು ಅಪ್ಪಣೆ ಕೇಳಿದ. ಊಟದ ಹೋಟೆಲಿನಲ್ಲಿ ಇವರ ಎದೆಯ ಕಡೆ ತೋರಿಸಿ ಮಾಲೀಕನಿಗೆ ಖ್ಮೇರ್ ಭಾಷೆಯಲ್ಲಿ ಏನೋ ಹೇಳಿದ, ಆ ಮನುಷ್ಯನೂ ಕೈಮುಗಿದ. ಡಾಕ್ಟರು ಅನ್ನ ಕಲೆಸುತ್ತ ಕೆಳಗೆ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಹಾಗೆ, ಯಾರಾದರೂ ಕಣ್ಣೆತ್ತಿದರೆ ಸಾಕು, ಅವರ ಕೈ ಚೀಲದ ಮೇಲೆ ಹೋಗುತ್ತಿತ್ತು. ಅದು ನೋಡುವವರಿಗೆ ಭಕ್ತಿಯಂತೆ ಕಾಣುತ್ತಿತ್ತು.

ಆದರೂ ಅಲ್ಲಿಗೇ ನಿಂತಿದ್ದರೆ ಮರೆಯಬಹುದಿತ್ತು. ಮರುದಿನ ಕುಲೇನ್ ಬೆಟ್ಟ ಬಂತು.

ಬೆಟ್ಟದ ಮೇಲೆ ಒಂದು ಸಣ್ಣ ಹೊಳೆ. ಮೊಣಕಾಲಿನಷ್ಟೂ ನೀರಿಲ್ಲ. ಆ ನೀರಿನ ತಳದ ಬಂಡೆಯಲ್ಲಿ ಸಾಲುಸಾಲಾಗಿ ಲಿಂಗಗಳನ್ನು ಕೆತ್ತಿದ್ದಾರೆ, ನೀರು ಅವುಗಳ ಮೇಲೆ ಹಾಯ್ದು ಕೆಳಗಿನ ಗದ್ದೆಗಳಿಗೆ ಹೋಗುತ್ತದೆ. ಊರ ಜನ ಬಾಟಲಿಗಳಲ್ಲಿ ಆ ನೀರು ತುಂಬಿಕೊಂಡು ಹೋಗುತ್ತಿದ್ದರು. ದಂಡೆಯ ಮೇಲೆ ಒಂದು ಚಾಪೆ ಹಾಸಿ, ಬೋಳುತಲೆಯ ಒಬ್ಬ ಮುದುಕಿ ಕಾಯುತ್ತ ಕೂತಿದ್ದಳು. ಬಿಳಿ ರವಿಕೆ, ಕಪ್ಪು ಲುಂಗಿ, ತಟ್ಟೆಯಲ್ಲಿ ತಾವರೆಯ ಮೊಗ್ಗು.

"ನನ್ನ ತಾಯಿ," ಎಂದ ವುಥಿ. ಅವಳಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಮುಂದಿನ ವಾರ ಆಪರೇಷನ್. ಕತ್ತಿ ಮುಟ್ಟಿಸಿಕೊಳ್ಳುವುದಿಲ್ಲ ಎಂದು ಹೆದರಿ ಎರಡು ಸಲ ಆಸ್ಪತ್ರೆಯಿಂದ ಮರಳಿ ಬಂದಿದ್ದಾಳೆ. ರಾತ್ರಿ ನಿಮ್ಮ ಸುದ್ದಿ ಹೇಳಿದೆ. ದೇವರನ್ನು ಮೈಮೇಲೆ ಹೊತ್ತ ಮನುಷ್ಯ, ಅವರೂ ಡಾಕ್ಟರೇ, ಅವರ ಲಿಂಗ ಮುಳುಗಿಸಿದ ನೀರನ್ನು ಕಣ್ಣಿಗೆ ಹಚ್ಚಿದರೆ ಹೋಗುತ್ತೇನೆ ಎಂದಳು ಸರ್. ಇಷ್ಟು ಹೇಳಿ ವುಥಿ ನಾಚಿಕೊಂಡು ತಲೆ ತಗ್ಗಿಸಿದ. ತಪ್ಪಾಗಿದ್ದರೆ ಕ್ಷಮಿಸಬೇಕು ಎಂದ.

ಮುದುಕಿ ಬಾಗಿ, ಕೈಗಳನ್ನು ಹಣೆಗಿಂತ ಮೇಲೆತ್ತಿ, ಅವರ ಮುಖ ಎಲ್ಲಿದೆ ಎಂದು ಹುಡುಕುತ್ತ ನಿಂತಿದ್ದಳು.

ಅಣ್ಣಾಸಾಹೇಬರು ಬದುಕಿನಲ್ಲಿ ಎಷ್ಟೋ ಸಾವಿರ ಜನರಿಗೆ ಹೆದರಬೇಡಿ ಎಂದು ಹೇಳಿ ಅರಿವಳಿಕೆ ಕೊಟ್ಟವರು. ಆ ಮಾತು ಈಗ ನಾಲಿಗೆಗೆ ಬರಲಿಲ್ಲ. ಹರಿಪ್ರಸಾದ ಫೋನ್ ಎತ್ತಿ ಫೋಟೋಕ್ಕೆ ಸಿದ್ಧನಾಗಿದ್ದ. ತನ್ವಿ ಹತ್ತಿರ ಬಂದು ಇಣುಕುತ್ತಿದ್ದಳು. ಅವರ ಕೈ ಅಂಗಿಯ ಮೊದಲ ಗುಂಡಿಯ ಮೇಲಿತ್ತು. ತೆಗೆದರೆ ನೀಲಿ ನೈಲಾನ್ ಚೀಲ, ಅದರ ಮೇಲೆ ಕಂಪನಿಯ ಹೆಸರು. ಬೇರೆಯವರ ಮುಂದೆ ತೆಗೆಯುವ ಹಾಗಿಲ್ಲ ಎನ್ನಲೇ ಎಂದು ಯೋಚಿಸಿದರು. ಒಂದು ಸುಳ್ಳಿಗೆ ಇನ್ನೊಂದು ಆನಿಕೆ. ಹೊಳೆಯಿಂದ ಒಂದು ಗುಂಡಗಿನ ಹರಳೆತ್ತಿ ಮುಷ್ಟಿಯಲ್ಲಿ ಹಿಡಿದುಕೊಳ್ಳಲೇ ಎಂದೂ ಒಂದು ಗಳಿಗೆ ಅನಿಸಿತು. ಅನಿಸಿತಲ್ಲ ಎಂಬುದೇ ಸಾಕಾಗಿತ್ತು, ಕಿವಿಯವರೆಗೂ ಬಿಸಿಯಾಯಿತು. ಕಾಲ ಕೆಳಗಿನ ನೀರಿನಲ್ಲಿ ಸಾವಿರ ಲಿಂಗ, ಅವರ ಹತ್ತಿರ ಒಂದೂ ಇಲ್ಲ.

ಆಗ ಮಹಾದೇವಕ್ಕ ಚಪ್ಪಲಿ ಬಿಟ್ಟು ಸೀರೆಯ ನೆರಿಗೆ ಎತ್ತಿಕೊಂಡು ನೀರಿಗೆ ಇಳಿದಳು. ಕಂದು ಕೈಚೀಲದ ಬಾಯಿ ತೆರೆದು, ಒಂದು ಬಿಳಿಯ ಬಟ್ಟೆಯ ಗಂಟು ತೆಗೆದಳು.

"ಇವರದು," ಎಂದಳು ವುಥಿಗೆ, ತನಗೆ ಬರುವ ಇಂಗ್ಲಿಷಿನಲ್ಲಿ. "ಪ್ರಯಾಣದಲ್ಲಿ ನನ್ನ ಹತ್ತಿರ ಇರುತ್ತದೆ."

ಡಾಕ್ಟರು ತಿಳಿದದ್ದು ಬೇರೆ. ನನ್ನ ಮಾನ ಉಳಿಸಲು ತನ್ನ ಲಿಂಗವನ್ನೇ ತೆಗೆಯುತ್ತಿದ್ದಾಳೆ, ಪರರ ಕಣ್ಣಿಗೂ ಬೀಳಿಸದವಳು ನನಗಾಗಿ ಇಲ್ಲಿ ಬಯಲಿನಲ್ಲಿ ತೆಗೆಯುತ್ತಿದ್ದಾಳೆ ಎಂದುಕೊಂಡರು. ಬೇಡ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಆಕೆಯ ಲಿಂಗವಿರುವ ಬೆಳ್ಳಿಯ ಕರಡಿಗೆ ಸೆರಗಿನ ಮರೆಯಲ್ಲಿ ಕೊರಳಿಗೆ ತೂಗುತ್ತಲೇ ಇರುವುದು ಕಂಡಿತು. ಬಟ್ಟೆಯ ಗಂಟು ಬಿಚ್ಚಿತು. ಕರಿಯ ಲಿಂಗ. ಅಂಚಿನಲ್ಲಿ ಉಗುರಿನಷ್ಟು ಚೂರು ಹಾರಿದ ಗುರುತು.

ಹುಬ್ಬಳ್ಳಿಯ ಹಾಸ್ಟೆಲ್ಲಿನ ಒಗೆಯುವ ಕಲ್ಲು ಅವರ ಕಣ್ಣ ಮುಂದೆ ಬಂತು.

ಮಹಾದೇವಕ್ಕ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಹೊಳೆಯ ನೀರಿಗೆ ತಾಗಿಸಿ, ಬೊಗಸೆಯ ನೀರನ್ನು ಮುದುಕಿಯ ಎರಡೂ ಕಣ್ಣಿಗೆ ಹಚ್ಚಿದಳು. ಆಮೇಲೆ ಗಂಡನನ್ನು ನೀರಿಗೆ ಎಳೆದುಕೊಂಡು, ಅವರ ಕೈ ಹಿಡಿದು ಮುದುಕಿಯ ತಲೆಯ ಮೇಲಿಟ್ಟಳು. "ಹೆದರಬ್ಯಾಡ ಅನ್ರಿ. ಡಾಕ್ಟರ್ ಇದ್ದೀರಿ," ಎಂದಳು. ಅವರು ಹೇಳಿದರು. ವುಥಿ ಅದನ್ನು ತಾಯಿಗೆ ಅವಳ ಮಾತಿನಲ್ಲಿ ಹೇಳಿದ. ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕು ತಾವರೆಯ ಮೊಗ್ಗನ್ನು ಡಾಕ್ಟರ ಕೈಗೆ ಕೊಟ್ಟಳು. ಮಹಾದೇವಕ್ಕನ ಕೈಗೆ ಅಲ್ಲ, ಡಾಕ್ಟರ ಕೈಗೆ. ಹರಿಪ್ರಸಾದ ಫೋಟೋ ಹೊಡೆದ.

ಸಂಜೆ ಹೋಟೆಲಿನ ರೂಮಿನಲ್ಲಿ ಡಾಕ್ಟರು ಮೊಗ್ಗನ್ನು ಒಂದು ಗ್ಲಾಸಿನಲ್ಲಿಟ್ಟರು, ತೆಗೆದರು, ಮತ್ತೆ ಇಟ್ಟರು.

"ಎಲ್ಲಿ ಸಿಕ್ತು ಅದು?"

"ಗ್ಯಾಸ್ಟೋನಿಯಾ ಮನಿ ಬಿಡೂ ಮುಂದ. ನಿಮ್ಮ ಹಳೀ ಶೇವಿಂಗ್ ಕಿಟ್ ಕಸಕ್ಕ ಹಾಕಾಕ ಇಟ್ಟಿದ್ರಿ. ಒಳಗ ಇತ್ತು." ಮಹಾದೇವಕ್ಕ ಸೀರೆ ಮಡಿಸುತ್ತಿದ್ದಳು. "ಅದು ಕೈಗೆ ಸಿಕ್ಕ ಮ್ಯಾಲೇ ನಿಮಗ ಕೇಳಿದ್ದು, ಲಿಂಗ ಎಲ್ಲೈತಿ ಅಂತ. ಬ್ಯಾಂಕಿನ್ಯಾಗ ಐತಿ ಅಂದ್ರಿ."

ಸುಮಾರು ಮೂವತ್ತು ವರ್ಷದ ಹಿಂದಿನ ಮಾತು. ಅಂದರೆ ಆಕೆ ಉತ್ತರ ಕೈಯಲ್ಲಿಟ್ಟುಕೊಂಡೇ ಪ್ರಶ್ನೆ ಕೇಳಿದ್ದಳು, ಇವರು ಅವಳ ಮುಖ ನೋಡಿಯೇ ಸುಳ್ಳು ಹೇಳಿದ್ದರು. ಅಂದಿನಿಂದ ಇವರು ಮಾಡಿದ ಒಂದೊಂದು ಭಾಷಣಕ್ಕೂ ಆಕೆ ಎರಡನೆಯ ಸಾಲಿನಲ್ಲಿ ಕೂತು ಕೇಳಿದ್ದಳು.

"ಆವಾಗ ಯಾಕ ಹೇಳಲಿಲ್ಲ?"

"ಹುಡುಕ್ತೀರಿ ಅಂತ ಕಾದೆ. ಕಳಕೊಂಡವರು ಹುಡುಕಬೇಕಲ್ರಿ."

ಡಾಕ್ಟರು ಕೈ ಚಾಚಿದರು. "ಕೊಡು ಇಲ್ಲಿ. ಇವತ್ತಿಂದ ಕಟ್ಕೋತೀನಿ."

ಮಹಾದೇವಕ್ಕ ಸೀರೆ ಮಡಿಸುವುದನ್ನು ನಿಲ್ಲಿಸಿ ಆ ಕೈಯನ್ನು ನೋಡಿದಳು. ಸಿಟ್ಟಿನಿಂದ ಅಲ್ಲ.

"ಗುರು ಕೊಟ್ಟದ್ದ ಬಿಟ್ರಿ. ಹೆಂಡತಿ ಕೊಟ್ರ ಇಟ್ಕೋತೀರೇನು? ನಿಮಗ ಕೊಡಾಕ ನಾ ಏನ್ ಗುರು ಅಲ್ಲ."

ಕೈಚೀಲದ ಜಿಪ್ ಎಳೆದು ದಿಂಬಿನ ಪಕ್ಕ ಇಟ್ಟುಕೊಂಡಳು. ಅಷ್ಟು ವರ್ಷ ಅದನ್ನು ಇಟ್ಟುಕೊಂಡು ನೀನೇನು ಮಾಡಿದೆ ಎಂದು ಅವರು ಕೇಳಲಿಲ್ಲ. ಕೇಳಬೇಕು ಎಂದು ಹೊಳೆಯಲೂ ಇಲ್ಲ. ತಮ್ಮ ಅವಮಾನವನ್ನೇ ಸವರಿಕೊಂಡು ಕೂತವರಿಗೆ ಪಕ್ಕದವರ ಸುದ್ದಿ ಹೊಳೆಯುವುದು ಕಷ್ಟ. ಉಳಿದ ದಿನಗಳಲ್ಲಿ ಗುಡಿಗಳ ಮುಂದೆ ವುಥಿ ಸುಮ್ಮನೆ ನೋಡಿ ಎಂದಾಗ ಡಾಕ್ಟರೂ ಸುಮ್ಮನೆ ನಿಂತರು. ಅಂಕಲ್‌ಗೆ ಸುಸ್ತಾಗಿದೆ ಎಂದು ಮಧುರಾ ಎಲೆಕ್ಟ್ರೋಲೈಟ್ ಪುಡಿ ಕಲೆಸಿಕೊಟ್ಟಳು.

ಊರಿಗೆ ಬಂದ ಮೇಲೆ ಇದೆಲ್ಲ ಅಡಗಿಹೋಗಬೇಕಿತ್ತು. ಆದರೆ ಫೆಬ್ರವರಿಯಲ್ಲಿ ಹರಿಪ್ರಸಾದ ಆಶ್‌ಬರ್ನಿನ ಕನ್ನಡದವರನ್ನು ಸೇರಿಸಿ, ಅಲ್ಲಿನ ಕ್ಲಬ್‌ಹೌಸಿನಲ್ಲಿ ಡಾಕ್ಟರ ಸ್ಲೈಡ್ ಶೋ ಇಟ್ಟುಬಿಟ್ಟ. ಬರಲು ಆಗುವುದಿಲ್ಲ ಎಂದರೆ ಕಾರಣ ಹೇಳಬೇಕು. ಗಂಡ ಹೆಂಡತಿ ಷಾರ್ಲೆಟ್ಟಿನಿಂದ ಇಡೀ ದಿನ ಕಾರು ಓಡಿಸಿಕೊಂಡು ಹೋದರು. ದಾರಿಯುದ್ದಕ್ಕೂ ಅವರು ಮನಸ್ಸಿನಲ್ಲಿ ಒಂದು ನಿಶ್ಚಯ ಮಾಡಿಕೊಂಡರು. ಇವತ್ತು ಹೇಳಿಬಿಡುತ್ತೇನೆ. ವುಥಿಯ ಮುಂದೆ ಹೇಳಿದ್ದು ಸುಳ್ಳು, ತಟ್ಟಿದ್ದು ಪಾಸ್‌ಪೋರ್ಟ್ ಚೀಲ, ಲಿಂಗವನ್ನು ನಾನು ಕಸಕ್ಕೆ ಹಾಕಿದ್ದೆ, ಮಹಾದೇವಿ ಎತ್ತಿಟ್ಟುಕೊಂಡಳು. ನಾಲ್ಕು ವಾಕ್ಯ. ರಿಚ್ಮಂಡ್ ದಾಟುವ ಹೊತ್ತಿಗೆ ಬಾಯಿಪಾಠವಾಗಿತ್ತು.

ಐವತ್ತು ಅರವತ್ತು ಜನ ಸೇರಿದ್ದರು. ಗುಡಿಗಳ ಚಿತ್ರಗಳೆಲ್ಲ ಆದವು. ಕೊನೆಯಲ್ಲಿ ಹರಿಪ್ರಸಾದ ಮೈಕ್ ತೆಗೆದುಕೊಂಡ.

"ಇದೊಂದು ಫೋಟೋ ನಾನೇ ಆಡ್ ಮಾಡಿದೀನಿ. ನಮ್ಮ ಟ್ರಿಪ್ಪಿನ ಹೈಲೈಟ್. ನೆನ್ನೆ ತಾನೇ ಗೈಡ್ ಮೆಸೇಜ್ ಮಾಡಿದ್ದಾರೆ, ಅವರ ತಾಯಿಗೆ ಸರ್ಜರಿ ಆಯ್ತಂತೆ, ಕಣ್ಣು ಚೆನ್ನಾಗಿ ಕಾಣ್ತಿದೆಯಂತೆ. ಅಂಕಲ್‌ಗೆ ಥ್ಯಾಂಕ್ಸ್ ಹೇಳಿದ್ದಾರೆ."

ಪರದೆಯ ಮೇಲೆ ಡಾಕ್ಟರು ನೀರಿನಲ್ಲಿ ನಿಂತಿದ್ದರು. ಎದುರಿಗೆ ಕೈಮುಗಿದ ಮುದುಕಿ, ಅವಳ ತಲೆಯ ಮೇಲೆ ಇವರ ಕೈ. ಚಿತ್ರದ ಅಂಚಿನಲ್ಲಿ ಮಹಾದೇವಕ್ಕನ ಒಂದು ಮೊಣಕೈ, ಬಿಳಿ ಬಟ್ಟೆಯ ತುದಿ. ಉಳಿದ ಮಹಾದೇವಕ್ಕ ಚಿತ್ರದಲ್ಲಿ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಮುಂದಿನ ಸಾಲಿನಿಂದ ತನ್ವಿ ಕೈಯೆತ್ತಿದಳು. "ಡಾಕ್ಟರ್ ತಾತ, ಅವತ್ತು ನಾನು ಸರೀಗೆ ನೋಡ್ಲಿಲ್ಲ. ಈಗ ತೋರಿಸ್ತೀರಾ?"

ಡಾಕ್ಟರು ಮೈಕ್ ತೆಗೆದುಕೊಂಡರು. ನಾಲ್ಕು ವಾಕ್ಯ ಗಂಟಲಿಗೆ ಬಂದವು. ಎರಡನೆಯ ಸಾಲಿನಲ್ಲಿ ಮಹಾದೇವಕ್ಕ ಕೂತಿದ್ದಳು, ಕೈಚೀಲ ಮಡಿಲಲ್ಲಿತ್ತು.

"ನನ್ನ ಕೊರಳಾಗ ಇಲ್ಲವ್ವಾ ಅದು," ಎಂದರು. "ನಿಮ್ಮ ಅಜ್ಜಿ ಕಡೆ ಐತಿ."

ಹಿಂದಿನಿಂದ ಯಾರೋ ಹೇಳಿದರು. "ನಮ್ಮನೇಲೂ ಎಲ್ಲಾ ಹೆಂಡ್ತಿ ಹತ್ರಾನೇ ಅಂಕಲ್, ಕಾರ್ ಕೀ ಕೂಡ."

ಸಭೆ ಗೊಳ್ಳೆಂದಿತು. ಗಂಡಸರು ನಕ್ಕರು, ಹೆಂಗಸರು ಇನ್ನೂ ಜೋರಾಗಿ ನಕ್ಕರು. ಹರಿಪ್ರಸಾದ, "ನೋಡಿ, ಎಂಥಾ ಹಂಬಲ್ ಮನುಷ್ಯರು, ಸ್ವಲ್ಪಾನೂ ಜಂಬ ಇಲ್ಲ," ಎಂದ. ಡಾಕ್ಟರು ಕೈಯೆತ್ತಿ, ಇಲ್ಲ, ನಾನು ಹೇಳಿದ್ದು ಖರೇ ಎನ್ನಬೇಕಿತ್ತು. ಉಳಿದ ಮೂರು ವಾಕ್ಯ ಇನ್ನೂ ಇದ್ದವು. ಆದರೆ ಆ ನಗು ಕೇಳಿದೊಡನೆ ಅವರ ಎದೆ ಹಗುರಾಯಿತು, ತಪ್ಪಿಸಿಕೊಂಡೆ ಎನಿಸಿತು. ಅವರೂ ನಕ್ಕರು. ಹೊಟ್ಟೆ ಕುಲುಕುವ ಹಾಗೆ ನಕ್ಕರು. ನಗುತ್ತಲೇ ಎರಡನೆಯ ಸಾಲು ನೋಡಿದರು. ಇಷ್ಟು ವರ್ಷದಲ್ಲಿ ಮೊದಲ ಸಲ ಮಹಾದೇವಕ್ಕ ಅವರ ತಮಾಷೆಗೆ ನಗಲಿಲ್ಲ.

ಊಟದ ಸಾಲಿನಲ್ಲಿ ಆಕೆ ತಟ್ಟೆ ತಂದು ಅವರ ಕೈಗಿಟ್ಟು, ಯಾರಿಗೂ ಕೇಳಿಸದ ಹಾಗೆ ಹೇಳಿದಳು.

"ಖರೇ ಹೇಳಿದ್ರಿ. ನಗಬಾರದಿತ್ತು."

ಜನ ಬಂದು ಕೈ ಕುಲುಕಿದರು, ಒಬ್ಬ ತಾಯಿ ಮಗುವಿನ ಕೈಯಲ್ಲಿ ಅವರ ಕಾಲು ಮುಟ್ಟಿಸಿದಳು. ನೆಲ ಬಾಯಿ ಬಿಡಬಾರದೇ ಎಂದು ಜನ ಹೇಳುವುದನ್ನು ಅವರು ಕೇಳಿದ್ದರು. ಆಶ್‌ಬರ್ನಿನ ಕ್ಲಬ್‌ಹೌಸಿನ ನೆಲ ಗಟ್ಟಿಯಾಗಿತ್ತು.

ಆ ದಿನ ಹರಿಪ್ರಸಾದನ ಮನೆಯಲ್ಲೇ ಉಳಿದರು. ಮರುದಿನ ಬೆಳಿಗ್ಗೆ ಹೈವೇಯಲ್ಲಿ ಗಾಡಿಗಳು ತುಂಬುವ ಮೊದಲೇ ಹೊರಡಬೇಕು. ಡಾಕ್ಟರು ಪೆಟ್ಟಿಗೆ ಕಾರಿಗೆ ಹಾಕಿ, ಗಾಜಿನ ಮೇಲಿನ ಮಂಜು ಕೆರೆದು, ಎಂಜಿನ್ ಶುರು ಮಾಡಿ ಬಂದರು. ಮಹಾದೇವಕ್ಕ ಕೆಳಗಿಳಿದಿರಲಿಲ್ಲ. ಕಾಲು ಅಭ್ಯಾಸದಂತೆ ಮೆಟ್ಟಿಲು ಹತ್ತಿತು, ಬಾಯಲ್ಲಿ ಅಭ್ಯಾಸದ ಮಾತು ಸಿದ್ಧವಾಗಿತ್ತು. ಗೆಸ್ಟ್ ರೂಮಿನ ಬಾಗಿಲು ಅರ್ಧ ತೆರೆದಿತ್ತು.

ಆಕೆ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಡ ಅಂಗೈಯಲ್ಲಿ ತನ್ನ ಲಿಂಗ. ನೀರು, ವಿಭೂತಿ, ಒಂದು ಎಸಳು ಹೂವು, ಕಣ್ಣು ಮುಚ್ಚಿ ಒಂದಿಷ್ಟು ಹೊತ್ತು. ಆಮೇಲೆ ತೊಳೆದು, ಒರೆಸಿ, ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು. ಮುಗಿಯಿತು, ಏಳುತ್ತಾಳೆ ಎಂದು ಡಾಕ್ಟರು ಬಾಗಿಲಿನಿಂದ ಹಿಂದೆ ಸರಿದರು.

ಏಳಲಿಲ್ಲ. ಕೈಚೀಲ ಹತ್ತಿರ ಎಳೆದುಕೊಂಡು ಬಿಳಿಯ ಗಂಟು ಬಿಚ್ಚಿದಳು. ಅಂಚು ಚೂರಾದ ಲಿಂಗವನ್ನು ಅದೇ ಎಡ ಅಂಗೈಯಲ್ಲಿಟ್ಟಳು. ಮತ್ತೆ ಮೊದಲಿನಿಂದ ನೀರು, ವಿಭೂತಿ, ಇನ್ನೊಂದು ಎಸಳು. ಯಾವುದನ್ನೂ ಅವಸರ ಮಾಡಲಿಲ್ಲ, ಯಾವುದನ್ನೂ ಬಿಡಲಿಲ್ಲ. ಮತ್ತೆ ಕಣ್ಣು ಮುಚ್ಚಿದಳು.

ಡಾಕ್ಟರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸಿಯಾಮ್ ರೀಪಿನ ವ್ಯಾನು ನೆನಪಾಯಿತು. ತಡವಾದ ಮದುವೆಗಳು, ತಪ್ಪಿದ ಒಂದು ವಿಮಾನ, ಹಾರ್ನ್ ಹೊಡೆದ ಬೆಳಗುಗಳು, ಕಾರಿನಲ್ಲಿ ಕೂತವರೆಲ್ಲ ನಕ್ಕ ಆ ತಮಾಷೆ, ಅದಕ್ಕೆ ಅವಳು ನಕ್ಕ ಆ ಒಂದಿಷ್ಟು ನಗು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ, ಇವರು ಆ ಗಿಡದ ಕಡೆ ಒಮ್ಮೆ ಕಣ್ಣೂ ಹಾಯಿಸಿರಲಿಲ್ಲ. ಹಾಯಿಸಿದ್ದರೆ ಇದಿಷ್ಟೂ ಎಂದೋ ಕಾಣುತ್ತಿತ್ತು. ಆಕೆ ಬಾಗಿಲು ಹಾಕಿಕೊಂಡು ಪೂಜೆ ಮಾಡಿದವಳಲ್ಲ.

ಕೆಳಗಿನಿಂದ ಹರಿಪ್ರಸಾದ ನಗುತ್ತ ಕೂಗಿದ. ಡಾಕ್ಟರಿಂದಲೇ ಕಲಿತ ತಮಾಷೆ ಅದು.

"ಅಂಕಲ್, ಏನು, ಆಂಟಿ ಪೂಜೆ ಇನ್ನೂ ಇಂಡಿಯನ್ ಟೈಮಾ? ಮುಗ್ದಿಲ್ವಾ?"

ಅಣ್ಣಾಸಾಹೇಬರು ಮೆಟ್ಟಿಲ ಕಡೆ ತಿರುಗಿದರು. ಹೇಳುವ ಮಾತು ಎಲ್ಲರಿಗೂ ಕೇಳಲಿ ಎಂದು ಧ್ವನಿ ಎತ್ತಿದರು.

"ಆಂಟೀದು ಆವಾಗ್ಲೇ ಮುಗದೈತಿ. ಈಗ ನಡದದ್ದು ನಂದು."

ಕೆಳಗೆ ಹರಿಪ್ರಸಾದ ನಕ್ಕ. ಈ ಸಲ ಅವರು ನಗಲಿಲ್ಲ. ಮೆಟ್ಟಿಲಿಳಿದು ಅವನ ಎದುರಿಗೆ ನಿಂತು, ಅವನ ನಗು ನಿಲ್ಲುವವರೆಗೆ ಕಾದು, ಉಳಿದ ಮೂರು ವಾಕ್ಯ ಹೇಳಿದರು.